‘ನಿಮ್ಮ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ’ ಅಂತ ಮೇಲ್ ಬಂದರೆ

ಕಾಸರಗೋಡಿನ ಬದಿಯಡ್ಕದಲ್ಲಿ ನಾನು ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಜೊತೆಗೆ ಡಿಟಿಪಿ, ಜೆರಾಕ್ಸ್. ಕೆಟ್ಟ ಕಂಪ್ಯೂಟರ್ ತರುವವರಷ್ಟೇ ಜನ ಈಗ ಹೆದರಿಕೊಂಡು ಬರುವವರೂ ಇದ್ದಾರೆ. ಮೊಬೈಲ್ ಮುಂದೆ ಹಿಡಿಯುತ್ತಾರೆ. ಅದರಲ್ಲೊಂದು ಮೇಲ್: ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್ ಸಿಕ್ಕಿವೆ, 24 ಗಂಟೆಯೊಳಗೆ ಇಲ್ಲಿ ಒತ್ತಿ, ಇಲ್ಲದಿದ್ದರೆ ಫೈಲೆಲ್ಲ ಹೋಯಿತು.

ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಇವರಿಗೆ ಅದು ಗೊತ್ತಾದದ್ದು ಹೇಗೆ? ಮೇಲ್ ವಿಳಾಸ ಸಿಕ್ಕಿದ ಮಾತ್ರಕ್ಕೆ ಯಾರಿಗೂ ನಿಮ್ಮ ಕಂಪ್ಯೂಟರಿನ ಒಳಗೆ ಏನಿದೆ ಅಂತ ಕಾಣುವುದಿಲ್ಲ. ಒಮ್ಮೆ ಕನ್ನಡ ಶಾಲೆಯ ಟೀಚರೊಬ್ಬರು ಇಂಥದ್ದೇ ಮೇಲ್ ನೋಡಿ ಶಾಲೆಯ ಲ್ಯಾಪ್‌ಟಾಪನ್ನೇ ಹೊತ್ತು ತಂದರು. ನಿಮ್ಮ ವಿಂಡೋಸ್‌ಗೆ ಟ್ರೋಜನ್ ಅನ್ನುವ ಕಳ್ಳ ಪ್ರೋಗ್ರಾಂ ಬಂದಿದೆ ಅಂತ ಅದರಲ್ಲಿತ್ತು. ಕೇರಳದ ಸರಕಾರಿ ಶಾಲೆಗಳಲ್ಲಿ ಶಾಲೆಗಳ ಕಂಪ್ಯೂಟರ್ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೈಟ್‌ನವರು ಹಾಕಿಕೊಟ್ಟಿರುವುದು ಉಬುಂಟು ಅನ್ನುವ ಬೇರೆಯೇ ಆಪರೇಟಿಂಗ್ ಸಿಸ್ಟಂ. “ಟೀಚರ್, ಇದರಲ್ಲಿ ವಿಂಡೋಸೇ ಇಲ್ಲವಲ್ಲ!” ಅಂದೆ. ಅವರಿಗೆ ನಗು ತಡೆಯಲಿಲ್ಲ.

ಹಾಗಂತ ಬಂದದ್ದೆಲ್ಲ ಸುಳ್ಳು ಅನ್ನುವ ಹಾಗೂ ಇಲ್ಲ. ಕೇಂದ್ರ ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಸೈಬರ್ ಸ್ವಚ್ಛತಾ ಕೇಂದ್ರ ಶುರು ಮಾಡಿತು. ಬಾಟ್‌ನೆಟ್ಟಿಗೆ, ಅಂದರೆ ಮೋಸಗಾರರು ದೂರದಿಂದ ಆಡಿಸುವ ಕಂಪ್ಯೂಟರುಗಳ ಜಾಲಕ್ಕೆ, ಸಿಕ್ಕಿಬಿದ್ದ ಕಂಪ್ಯೂಟರ್ ಸುಮ್ನೆ ಕೂರುವುದಿಲ್ಲ. ತನ್ನನ್ನು ಆಡಿಸುವ ಸರ್ವರನ್ನು ಆಗಾಗ ಸಂಪರ್ಕಿಸುತ್ತಿರುತ್ತದೆ. ಹಾಗೆ ಸಂಪರ್ಕಿಸಿದ ಐಪಿ ವಿಳಾಸ (ಇಂಟರ್‌ನೆಟ್ಟಿನಲ್ಲಿ ಆ ಸಂಪರ್ಕವನ್ನು ಗುರುತಿಸುವ ನಂಬರು) ಕೇಂದ್ರದವರಿಗೆ ಸಿಕ್ಕರೆ ಅವರು ಇಂಟರ್‌ನೆಟ್ ಕಂಪನಿಗೆ ತಿಳಿಸುತ್ತಾರೆ, ಕಂಪನಿಯವರು ಗ್ರಾಹಕರಿಗೆ. ಇಲ್ಲಿ ‘ಹೇಗೆ ಗೊತ್ತಾಯಿತು’ ಅನ್ನುವುದಕ್ಕೆ ಸರಿಯಾದ ಉತ್ತರ ಇದೆ. ವೈರಸ್ ತೆಗೆಯುವ ಟೂಲ್ ಕೇಂದ್ರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ವಿಳಾಸ ನಾವೇ ಟೈಪ್ ಮಾಡಬೇಕು, ಮೇಲ್‌ನಲ್ಲಿರುವ ಲಿಂಕ್ ಒತ್ತಬಾರದು.

ನಿಜವೋ ಸುಳ್ಳೋ, ನನ್ನ ಕೆಲಸ ಮಾತ್ರ ಒಂದೇ ಥರ. ಮೇಲನ್ನು ಬದಿಗಿಟ್ಟು ಕಂಪ್ಯೂಟರನ್ನೇ ನೋಡುತ್ತೇನೆ. ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್ ಸೆಕ್ಯುರಿಟಿ ಮೊದಲೇ ಇರುತ್ತದೆ. ಅದರಲ್ಲಿ ಸ್ಕ್ಯಾನ್ ಆಪ್ಷನ್ಸ್‌ಗೆ ಹೋಗಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡುತ್ತೇನೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ತೆರೆಯುವ ಮೊದಲೇ ಹುಡುಕುತ್ತದೆ. ಕಾಲು ಗಂಟೆಯ ಕೆಲಸ. ತೆರೆದಿಟ್ಟ ಫೈಲ್ ಮೊದಲೇ ಸೇವ್ ಮಾಡಿಕೊಳ್ಳಿ.

ಜನ ಜಾಸ್ತಿ ನಡುಗುವುದು ಇನ್ನೊಂದು ಬಗೆಯ ಮೇಲ್‌ಗೆ. ಅಡಿಕೆ ವ್ಯಾಪಾರದ ಹುಡುಗನೊಬ್ಬ ಶಟರ್ ಎಳೆಯುವ ಹೊತ್ತಿಗೆ ಬಂದ. ಬೇರೆ ಗಿರಾಕಿ ಹೋಗುವವರೆಗೆ ಬಾಯಿ ಬಿಡಲಿಲ್ಲ. ಆಮೇಲೆ ಮೆಲ್ಲ ತೋರಿಸಿದ. ನಿನ್ನ ಕಂಪ್ಯೂಟರಿಗೆ ವೈರಸ್ ಬಿಟ್ಟಿದ್ದೇನೆ, ಕ್ಯಾಮೆರಾದಲ್ಲಿ ಎಲ್ಲ ರೆಕಾರ್ಡ್ ಆಗಿದೆ, ಬಿಟ್‌ಕಾಯಿನ್ ಕಳಿಸು, ಇಲ್ಲದಿದ್ದರೆ ನಿನ್ನ ಪರಿಚಯದವರಿಗೆಲ್ಲ ವಿಡಿಯೋ ಹೋಗುತ್ತದೆ. ಮೇಲ್ ಬಂದದ್ದು ಅವನದೇ ವಿಳಾಸದಿಂದ! ಒಳಗೆ ಅವನ ಪಾಸ್‌ವರ್ಡ್ ಬೇರೆ.

“ಅಣ್ಣಾ, ಪಾಸ್‌ವರ್ಡ್ ಸರಿಯೇ ಉಂಟು.”

“ಈಗಲೂ ಅದನ್ನೇ ಬಳಸ್ತೀಯಾ?”

“ಇಲ್ಲ, ಕಾಲೇಜಿನಲ್ಲಿರುವಾಗ ಹಾಕಿದ್ದು.”

ಗುಟ್ಟು ಅಲ್ಲೇ ಇದೆ. ಯಾವುದೋ ವೆಬ್‌ಸೈಟಿನಿಂದ ಹಿಂದೆ ಸೋರಿದ ಪಟ್ಟಿ ಇವರ ಕೈಗೆ ಸಿಕ್ಕಿರುತ್ತದೆ. ‘ಹ್ಯಾವ್ ಐ ಬೀನ್ ಪೌನ್ಡ್’ ಅನ್ನುವ ವೆಬ್‌ಸೈಟಿನಲ್ಲಿ ಮೇಲ್ ವಿಳಾಸ ಹಾಕಿದರೆ ಯಾವ ಯಾವ ಸೋರಿಕೆಯಲ್ಲಿ ಅದು ಇದೆ ಅಂತ ಗೊತ್ತಾಗುತ್ತದೆ. ಅವನದೂ ಇತ್ತು. ಇನ್ನು ವಿಳಾಸದ ಮಾತು. ಪೋಸ್ಟ್ ಕಾರ್ಡಿನಲ್ಲಿ ಕಳಿಸಿದವರ ಜಾಗದಲ್ಲಿ ಯಾರ ಹೆಸರು ಬೇಕಾದರೂ ಬರೆಯಬಹುದು ಅಲ್ವಾ, ಮೇಲ್ ಕೂಡ ಹಾಗೆಯೇ. ಸೆಂಟ್ ಫೋಲ್ಡರ್ ತೆರೆದು ನೋಡಿದೆವು, ಅಂಥ ಮೇಲ್ ಹೋಗಿಯೇ ಇಲ್ಲ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ಕೊಟ್ಟೆ. ಮೇಲ್ ನಿಜಕ್ಕೂ ಆ ವಿಳಾಸದ ಕಡೆಯಿಂದಲೇ ಬಂತಾ ಅಂತ ನೋಡುವ ಪರೀಕ್ಷೆಗಳ ಫಲಿತಾಂಶ ಅಲ್ಲಿರುತ್ತದೆ. ಎಸ್‌ಪಿಎಫ್ ಫೇಲ್, ಡಿಎಂಎಆರ್‌ಸಿ ಫೇಲ್. ಹುಡುಗನ ಮುಖಕ್ಕೆ ಜೀವ ಬಂತು. ಹಳೆ ಪಾಸ್‌ವರ್ಡ್ ಬೇರೆಲ್ಲಾದರೂ ಉಳಿದಿದ್ದರೆ ಬದಲಿಸು, ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತೂ ಕೇಳುವ ಟೂ-ಸ್ಟೆಪ್ ಹಾಕು ಅಂತ ಹೇಳಿ ಕಳಿಸಿದೆ.

ಆದರೆ ಅಲ್ಲಿ ಪಾಸ್ ಅಂತ ಬಂದ ಕೂಡಲೇ ನಂಬಬೇಡಿ. ಮೋಸಗಾರ ಸ್ವಂತ ಡೊಮೇನ್ (ವಿಳಾಸದಲ್ಲಿ @ ನಂತರ ಬರುವ ಹೆಸರು) ಕೊಂಡು ಅದರಿಂದಲೇ ಕಳಿಸಿದರೆ ಎಸ್‌ಪಿಎಫ್, ಡಿಕೆಐಎಂ, ಡಿಎಂಎಆರ್‌ಸಿ ಮೂರೂ ಪಾಸ್ ಆಗುತ್ತವೆ. @ ಚಿಹ್ನೆಯ ನಂತರ ಏನಿದೆ ಅಂತ ಅಕ್ಷರ ಅಕ್ಷರ ಓದಬೇಕು. ಕಳಿಸಿದವರ ಹೆಸರಿನ ಜಾಗದಲ್ಲಿ ಏನು ಮಿಂಚಿದರೂ ಲೆಕ್ಕಕ್ಕಿಲ್ಲ.

ಆಂಟಿವೈರಸ್ ರಿನ್ಯೂ ಆಗಿದೆ, ದುಡ್ಡು ವಾಪಸ್ ಬೇಕಾದರೆ ಈ ನಂಬರಿಗೆ ಕರೆ ಮಾಡಿ ಅನ್ನುವ ಬಿಲ್ಲುಗಳಲ್ಲಿ ಲಿಂಕೇ ಇರುವುದಿಲ್ಲ. ಅದರ ಗಾಳ ಆ ಫೋನ್ ನಂಬರೇ. ಕರೆ ಮಾಡಿದರೆ, ದೂರದಲ್ಲಿ ಕೂತು ನಿಮ್ಮ ಕಂಪ್ಯೂಟರ್ ಆಡಿಸಲು ಬಿಡುವ ಎನಿಡೆಸ್ಕ್ ಹಾಕಿಸುತ್ತಾರೆ. ಈಗಾಗಲೇ ಹಾಕಿ ಆಗಿದ್ದರೆ ಮೊದಲು ನೆಟ್ ತೆಗೆಯಿರಿ. ಬೇರೆ ಮೊಬೈಲಿನಿಂದ ಬ್ಯಾಂಕಿಗೆ ತಿಳಿಸಿ, ನಿಮ್ಮ ಪಾಸ್‌ವರ್ಡನ್ನೂ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸಿಟ್ಟಿನಲ್ಲಿ ಆ ಮೇಲನ್ನು ಮಾತ್ರ ಡಿಲೀಟ್ ಮಾಡಬೇಡಿ, ದೂರು ಕೊಡುವಾಗ ಬೇಕಾಗುತ್ತದೆ.