ಕೆರೆಯ ಪಾಚಿ ಸ್ಪೈರೋಗೈರಾ ಹೌದೇ? ಹೀಗೆ ನೋಡಿ
ಮಳೆ ನಿಂತು ಬಿಸಿಲು ಏರಿದರೆ ಸಾಕು, ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯ ಅಡಿಕೆ ತೋಟದ ಕೆರೆಗಳಲ್ಲಿ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ತುಂಬುವ ಟ್ಯಾಂಕಿಗಳಲ್ಲಿ ಹಸಿರು ಪಾಚಿ ತೇಲುತ್ತದೆ. ನಾವು ಸುಮ್ನೆ ಎತ್ತಿ ದಡಕ್ಕೆ ಎಸೆಯುತ್ತೇವೆ. ಈ ಸಲ ಒಂದು ಚಿಟಿಕೆ ತೆಗೆದಿಡಿ. ಅದರ ಕುಲ ಯಾವುದೆಂದು ಮನೆಯಲ್ಲೇ ತಿಳಿಯಬಹುದು.

ಮೊದಲ ಪರೀಕ್ಷೆ ಬೆರಳಿನದು. ತಲೆಗೆ ಹಾಕಲು ಕಿವುಚಿದ ದಾಸವಾಳದ ಸೊಪ್ಪಿನಂತೆ ಜಾರಿದರೆ ಸ್ಪೈರೋಗೈರಾ ಎಂಬ ಕುಲದ ಪಾಚಿ ಇರಬಹುದು. ಪಾಚಿಯ ಒಂದೊಂದು ನೂಲಿನ ಸುತ್ತಲೂ ಲೋಳೆ ಇರುವುದರಿಂದ ಈ ಜಾರು. ಒರಟಾಗಿದ್ದು ಕವಲೊಡೆದಿದ್ದರೆ ಅದು ಬಹುಶಃ ಕ್ಲಾಡೋಫೋರಾ ಎಂಬ ಬೇರೆ ಪಾಚಿ.

ಇನ್ನು ಸೂಕ್ಷ್ಮದರ್ಶಕ ಬೇಕು. ಶಾಲೆಯದ್ದಾದರೂ ಸರಿ, ಕಾಗದದ ಫೋಲ್ಡ್‌ಸ್ಕೋಪ್ ಆದರೂ ಸಾಕು. ಅದು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಗಾಜಿನ ಮೇಲೆ ಕೆರೆಯದ್ದೇ ನೀರು ಒಂದು ಹನಿ, ಅದರಲ್ಲಿ ನಾಲ್ಕೇ ನೂಲು. ಜಾಸ್ತಿ ಹಾಕಿದರೆ ಬರೀ ಹಸಿರು ಮುದ್ದೆ ಕಾಣುತ್ತದೆ.

ಸ್ಪೈರೋಗೈರಾ ಆದರೆ ಹೀಗೆ ಕಾಣುತ್ತದೆ: ನೂಲಿಗೆ ಕವಲಿಲ್ಲ. ಉದ್ದುದ್ದ ಕೋಶಗಳು ಕೊಳವೆಯ ತುಂಡುಗಳಂತೆ ತುದಿಗೆ ತುದಿ ಕೂಡಿವೆ. ಪ್ರತಿ ಕೋಶದೊಳಗೂ ಹಸಿರು ಪಟ್ಟಿ, ಗೋಡೆಗೆ ಒತ್ತಿಕೊಂಡು ಸುರುಳಿ ಸುತ್ತಿದೆ. ಕೆಲವು ಜಾತಿಗಳಲ್ಲಿ ಒಂದೇ ಪಟ್ಟಿ, ಕೆಲವದರಲ್ಲಿ 16ರವರೆಗೂ ಇರುತ್ತದೆ. ಮೊದಲ ಸಲ ನೋಡಿದವರು ಕಣ್ಣು ತೆಗೆಯುವುದೇ ಇಲ್ಲ! ಪಟ್ಟಿಯ ಮೇಲಿನ ಚುಕ್ಕಿಗಳ ಸುತ್ತ ಪಿಷ್ಟ ಇರುತ್ತದೆ. ಅಯೋಡಿನ್ ಒಂದು ಹನಿ ಬಿಟ್ಟರೆ ಅವು ಕಪ್ಪುನೀಲಿಯಾಗುತ್ತವೆ.

ಸುರುಳಿಯ ಬದಲು ಕೋಶಕ್ಕೆರಡು ನಕ್ಷತ್ರ ಕಂಡರೆ ಅದು ಜಿಗ್ನೀಮಾ. ನಡುವೆ ಒಂದೇ ಚಪ್ಪಟೆ ಹಲಗೆ ಇದ್ದರೆ ಮೌಜಿಯೋಷಿಯಾ. ಇವೂ ಕೈಗೆ ಜಾರುತ್ತವೆ, ಹಾಗಾಗಿ ಬೆರಳನ್ನು ಮಾತ್ರ ನಂಬಬೇಡಿ.

ಲಿಂಕ್ ಎಂಬ ಜರ್ಮನ್ ವಿಜ್ಞಾನಿ 1820ರಲ್ಲಿ ಸ್ಪೈರೋಗೈರಾ ಕುಲಕ್ಕೆ ಹೆಸರಿಟ್ಟರು. ಇದರಲ್ಲಿ 400ಕ್ಕೂ ಹೆಚ್ಚು ಜಾತಿಗಳಿವೆ. ವರ್ಗೀಕರಣದಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಬೇರೆಯೇ ಇದೆ: ಕಡಲ ಬಂಡೆಯ ಮೇಲಿನ ಉಲ್ವಾ ಎಂಬ ಹಸಿರು ಪಾಚಿಗಿಂತ ದಡದ ಕಂಗಿನ (ಅಡಿಕೆ) ಮರವೇ ಇದಕ್ಕೆ ಹತ್ತಿರದ ನೆಂಟ.

ಜಾತಿ ಹೇಳಲು ಮಾತ್ರ ಅವಸರ ಬೇಡ. ಅದಕ್ಕೆ ಬೀಜಕ ಬೇಕು. ಎರಡು ನೂಲು ಪಕ್ಕಪಕ್ಕ ಬಂದು, ನಡುವೆ ಕೊಳವೆ ಬೆಳೆಸಿ, ಏಣಿಯಂತೆ ಕೂಡುತ್ತವೆ. ಒಂದರ ಕೋಶದಲ್ಲಿದ್ದದ್ದೆಲ್ಲ ಇನ್ನೊಂದಕ್ಕೆ ಹರಿದು ಅಲ್ಲಿ ದಪ್ಪ ಗೋಡೆಯ ಬೀಜಕವಾಗುತ್ತದೆ. ಅದರ ಆಕಾರ, ಬಣ್ಣ, ಗೋಡೆಯ ಮೇಲಿನ ಕೆತ್ತನೆ ನೋಡಿಯೇ ಜಾತಿ ಬೇರ್ಪಡಿಸುವುದು. ಕೆರೆಯ ನೀರು ಇಳಿಯುತ್ತ ಬಂದಾಗ, ಹಸಿರು ಮಾಸಿ ಕಂದಾಗುತ್ತಿರುವ ಪಾಚಿಯಲ್ಲಿ ಈ ಏಣಿಯನ್ನು ಹುಡುಕಿ.