1.5 ಟೆಸ್ಲಾದಲ್ಲೇ ಮೆದುಳಿನ ಸ್ಪೆಕ್ಟ್ರೋಸ್ಕೋಪಿ: ಹಾಸನದಲ್ಲಿ ನನ್ನ ಅನುಭವ

ಹಾಸನದಲ್ಲಿ ಕೂತು ಮೆದುಳಿನ ಗಡ್ಡೆಗೆ ಸ್ಪೆಕ್ಟ್ರೋಸ್ಕೋಪಿ (ಎಂಆರ್‌ಎಸ್, ಅಂದರೆ ಎಂಆರ್‌ಐ ಮೆಷೀನಿನಲ್ಲೇ ಗಡ್ಡೆಯೊಳಗಿನ ರಾಸಾಯನಿಕಗಳನ್ನು ಗ್ರಾಫ್ ಆಗಿ ನೋಡುವುದು) ಮಾಡುತ್ತೇನೆ ಅಂದಾಗ ಒಬ್ಬರೂ ನಂಬಲಿಲ್ಲ. ನಮ್ಮದು 1.5 ಟೆಸ್ಲಾ ಮೆಷೀನ್, ಟೆಸ್ಲಾ ಅಂದರೆ ಅದರ ಅಯಸ್ಕಾಂತದ ಬಲ. ಟ್ರೈನಿಂಗ್ ಕೊಡಲು ಬಂದವರು "1.5 ಟೆಸ್ಲಾ ಅಲ್ವಾ, ಸುಮ್ನೆ ಟೈಮ್ ವೇಸ್ಟ್, 3 ಟೆಸ್ಲಾ ಇರೋ ಕಡೆ ಕಳಿಸಿಬಿಡಿ" ಅಂದರು. ನಮಗೆ ಬೆಂಗಳೂರಿನಿಂದ ರಿಪೋರ್ಟ್ ಬರೆದುಕೊಡುವ ರೇಡಿಯಾಲಜಿಸ್ಟ್ ಸರ್ ನನ್ನ ಮೊದಲ ಗ್ರಾಫ್‌ಗಳನ್ನು ನೋಡಿ, ಇದನ್ನೆಲ್ಲ ರಿಪೋರ್ಟ್‌ಗೆ ಸೇರಿಸಲ್ಲ ಎಂದು ಫೋನಿನಲ್ಲೇ ಹೇಳಿದರು. ಈಗ ರಿಂಗ್ ಲೀಷನ್ (ಉಂಗುರದ ಹಾಗೆ ಕಾಣುವ ಗಂಟು) ಕಂಡರೆ ಸಾಕು, "ಎಂಆರ್‌ಎಸ್ ಹಾಕಿದ್ರಾ?" ಅಂತ ಅವರೇ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕನ್ಸೋಲ್ ಮುಂದೆ ಕೂರುವವರಿಗಾಗಿ ಬರೆದದ್ದು, ಹಾಗಾಗಿ ಪ್ರೆಸ್ (ಸ್ಪೆಕ್ಟ್ರೋಸ್ಕೋಪಿಯ ಒಂದು ಸ್ಕ್ಯಾನ್ ವಿಧಾನ), ಟಿಇ (ಸಿಗ್ನಲ್ ಹಿಡಿಯುವ ಮುಂಚೆ ಕಾಯುವ ಮಿಲಿಸೆಕೆಂಡ್) ಇಂಥವನ್ನು ಒಂದೊಂದು ಮಾತಿನಲ್ಲಷ್ಟೇ ಹೇಳುತ್ತೇನೆ.

ಶುರುವಿನಲ್ಲಿ ಕಾಟ ಕೊಟ್ಟಿದ್ದು ಕೋಲೀನ್ ಮತ್ತು ಕ್ರಿಯಾಟಿನ್ ಎಂಬ ಎರಡು ರಾಸಾಯನಿಕಗಳ ಪೀಕ್‌ಗಳು. ಎರಡೂ ಸೇರಿ ಒಂದೇ ಗುಡ್ಡದ ಹಾಗೆ ಬರುತ್ತಿದ್ದವು. ಗ್ರಾಫ್‌ನ ಅಡ್ಡ ಅಳತೆಯಲ್ಲಿ (ಪಿಪಿಎಂ) ಕೋಲೀನ್ 3.2, ಕ್ರಿಯಾಟಿನ್ 3.0, ಮಧ್ಯೆ ಇರುವುದು ಬರೀ 0.2 ಪಿಪಿಎಂ. ನಮ್ಮ ಮೆಷೀನಿನಲ್ಲಿ ಅದು ಹೆಚ್ಚುಕಡಿಮೆ 13 ಹರ್ಟ್ಜ್. ನೀರಿನ ಲೈನ್‌ವಿಡ್ತ್ (ಪೀಕ್‌ನ ಅಗಲ) 14, 15 ಹರ್ಟ್ಜ್ ಬಂದರೆ ಅವೆರಡು ಬಿಡಿಬಿಡಿಯಾಗಿ ಹೇಗೆ ಕಾಣಬೇಕು? ಆಟೋ ಶಿಮ್ (ಅಯಸ್ಕಾಂತದ ಬಲವನ್ನು ಆ ಜಾಗದಲ್ಲಿ ಒಂದೇ ಸಮ ಮಾಡುವುದು ಶಿಮ್) ಒತ್ತಿ ಕಾಯುತ್ತಾ ಕೂತರೆ ಆಗುವ ಕೆಲಸ ಅಲ್ಲ ಇದು. ಕೈಯಿಂದ ಶಿಮ್ ಮಾಡಿ 7, 8ಕ್ಕೆ ಇಳಿಸಿದ ಮೇಲೆಯೇ ಸ್ಕ್ಯಾನ್ ಶುರು ಮಾಡುತ್ತೇನೆ. 10 ದಾಟಿದರೆ ವಾಕ್ಸೆಲ್ (ಅಳೆಯಲು ಇಡುವ ಡಬ್ಬಿಯಂಥ ಜಾಗ) ಜರುಗಿಸುತ್ತೇನೆ, ರಕ್ತ ಅಥವಾ ಮೂಳೆ ಹತ್ತಿರ ಇದ್ದರೆ ಆ ಜಾಗವನ್ನೇ ಬಿಡುತ್ತೇನೆ.

ಅದು ಸರಿಹೋದರೂ ಬೇಸ್‌ಲೈನ್ (ಗ್ರಾಫ್‌ನ ತಳದ ಗೆರೆ) ಮಾತ್ರ ಸೊಟ್ಟ. ಒಂದು ದಿನ ಚೆನ್ನ, ಇನ್ನೊಂದು ದಿನ ಕಸ. ಸಿಗ್ನಲ್ ಹಿಡಿಯುವ ಕಾಯಿಲ್ ಬದಲಿಸಿ ನೋಡಿದೆವು, ಸರ್ವೀಸ್ ಎಂಜಿನಿಯರ್ ಬಂದು ಹೋದರು, ಅವರ ಒಂದು ವಿಸಿಟ್‌ಗೇ ಹದಿನೈದು ಸಾವಿರದ ಹತ್ತಿರ ಬಿಲ್. ಕಾರಣ ಸಿಕ್ಕಿದ್ದು ಸ್ಕ್ಯಾನ್ ಕ್ರಮದಲ್ಲಿ. ಎಲ್ಲ ಕಡೆ ಟಿ2, ಫ್ಲೇರ್, ಡಿಫ್ಯೂಷನ್, ಎಸ್‌ಡಬ್ಲ್ಯುಐ, ಕಾಂಟ್ರಾಸ್ಟ್ ಹೀಗೆ ಚಿತ್ರ ತೆಗೆಯುವ ಸ್ಕ್ಯಾನ್‌ಗಳನ್ನೆಲ್ಲ ಮುಗಿಸಿ, ಟೈಮ್ ಉಳಿದರೆ ಕೊನೆಗೆ ಸ್ಪೆಕ್ಟ್ರೋಸ್ಕೋಪಿ ಹಾಕುತ್ತಾರೆ. ಡಿಫ್ಯೂಷನ್, ಅದರದೇ ಜಾತಿಯ ಡಿಟಿಐ ಎಲ್ಲ ಓಡಿದ ಮೇಲೆ ಗ್ರೇಡಿಯೆಂಟ್ ಕಾಯಿಲ್ (ಜಾಗ ಗುರುತಿಸಲು ಅಯಸ್ಕಾಂತದ ಬಲ ಏರಿಳಿಸುವ ಸುರುಳಿ) ಬಿಸಿಯಾಗಿರುತ್ತದೆ, ಆ ಬಿಸಿ ಒಳಗಿನ ಶಿಮ್ ಕಬ್ಬಿಣಕ್ಕೂ ತಟ್ಟುತ್ತದೆ, ಫ್ರೀಕ್ವೆನ್ಸಿ ಮೆಲ್ಲಗೆ ಜಾರುತ್ತಾ ಹೋಗುತ್ತದೆ. ನೀರಿನ ಸಿಗ್ನಲ್ ಅಡಗಿಸುವ ವಾಟರ್ ಸಪ್ರೆಷನ್ ಪಲ್ಸ್ ಒಂದು ಕಡೆ, ನೀರು ಇನ್ನೊಂದು ಕಡೆ! ಈಗ ನನ್ನ ಕ್ರಮ ಬೇರೆ. ಲೋಕಲೈಸರ್ (ಜಾಗ ಗುರುತಿಸುವ ಮೊದಲ ಸ್ಕ್ಯಾನ್), ಟಿ2, ಫ್ಲೇರ್, ತಕ್ಷಣ ಎಂಆರ್‌ಎಸ್. ಗ್ರೇಡಿಯೆಂಟ್ ಬಿಸಿ ಮಾಡುವುದೆಲ್ಲ ಆಮೇಲೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಇಷ್ಟು ಮಾಡಿದ್ದಕ್ಕೇ ಬೇಸ್‌ಲೈನ್ ನೆಟ್ಟಗಾಯಿತು.

ವಾಕ್ಸೆಲ್ ವಿಷಯದಲ್ಲಿ ಆಸೆ ಪಡಬಾರದು. ಒಂದೂವರೆ ಸೆಂಟಿಮೀಟರ್ ಕ್ಯೂಬ್ ಅಂದರೆ ಮೂರೂವರೆ ಎಂಎಲ್ ಕೂಡ ಇಲ್ಲ, ಬರೀ ನಾಯ್ಸ್. ಎರಡು ಸೆಂಟಿಮೀಟರ್ ಅಂದರೆ 8 ಎಂಎಲ್, ಟಿಆರ್ (ಒಂದು ಅಳತೆಯಿಂದ ಇನ್ನೊಂದಕ್ಕೆ ಬಿಡುವ ಸಮಯ) 1500 ಮಿಲಿಸೆಕೆಂಡ್, 128 ಆವರೇಜ್ (ಅಷ್ಟು ಸಲ ಅಳೆದು ಸರಾಸರಿ), ಮೂರು ನಿಮಿಷದ ಮೇಲೆ ಸ್ವಲ್ಪ. ಗಡ್ಡೆ ಚಿಕ್ಕದಾದರೆ ಕ್ಯೂಬ್ ಬೇಡ, 15, 20, 25 ಮಿಲಿಮೀಟರ್ ಹೀಗೆ ಉದ್ದಕ್ಕೆ ಇಡಿ. ಆವರೇಜ್ ಏರಿಸಿ ನೋಡೋಣ ಅನ್ನುವವರಿಗೆ ಒಂದು ಮಾತು: ನಾಲ್ಕು ಪಟ್ಟು ಟೈಮ್ ಕೊಟ್ಟರೆ ಎಸ್‌ಎನ್‌ಆರ್ (ನಾಯ್ಸ್‌ಗೆ ಹೋಲಿಸಿದರೆ ಸಿಗ್ನಲ್ ಎಷ್ಟು ಅನ್ನುವುದು) ಎರಡೇ ಪಟ್ಟು. ತಲೆಬುರುಡೆ ಪಕ್ಕದ ಗಡ್ಡೆಗೆ ಸ್ಯಾಟ್ ಬ್ಯಾಂಡ್‌ಗಳನ್ನು (ಪಕ್ಕದ ಕೊಬ್ಬಿನ ಸಿಗ್ನಲ್ ಅಡಗಿಸುವ ಪಟ್ಟಿಗಳು) ಯಾವ ಕೋನದಲ್ಲಿ ಓರೆ ಮಾಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಸುಲಭಕ್ಕೆ ಸಿಕ್ಕಿದ್ದಲ್ಲ.

ಮಧ್ಯೆ ಲ್ಯಾಕ್ಟೇಟ್ (ಹುಳಿ ಮೊಸರಿನಲ್ಲೂ ಇರುವ ರಾಸಾಯನಿಕ) ಮೇಲೆ ಅನುಮಾನ ಬಂತು. ಟಿಇ 144ರಲ್ಲಿ ಅದರ ಪೀಕ್ ತಲೆಕೆಳಗಾಗಬೇಕು. ನಮ್ಮ ಮೆಷೀನ್ ಅದನ್ನು ನಿಜವಾಗಲೂ ತಿರುಗಿಸಿ ತೋರಿಸುತ್ತಾ? ಫ್ಯಾಂಟಮ್ (ಮೆಷೀನ್ ಪರೀಕ್ಷಿಸಲು ಇಡುವ ದ್ರಾವಣದ ಬಾಟಲಿ) ಕೇಳಿದರೆ ಲಕ್ಷದ ಲೆಕ್ಕ ಹೇಳಿದರು. ಮನೆಯಲ್ಲಿ ಹುಳಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟು, ಸೋರಿದ ತಿಳಿನೀರನ್ನು ಬಾಟಲಿಯ ಬಾಯಿವರೆಗೆ ತುಂಬಿ, ಗಾಳಿಗುಳ್ಳೆ ಇಲ್ಲದ ಹಾಗೆ ಮುಚ್ಚಿ ಹೆಡ್ ಕಾಯಿಲ್‌ನಲ್ಲಿ ಮಲಗಿಸಿದೆ. ಟಿಇ 144ರಲ್ಲಿ 1.3 ಪಿಪಿಎಂ ಜಾಗದಲ್ಲಿ ತಲೆಕೆಳಗಾದ ಪೀಕ್, ತುದಿಯಲ್ಲಿ ಎರಡು ಮೊನೆ. 288ಕ್ಕೆ ಹಾಕಿದರೆ ಅದೇ ಪೀಕ್ ಮೇಲೆದ್ದು ನಿಂತಿತು. ನೋಡಿ ಎಷ್ಟು ಖುಷಿಯಾಯಿತು ಅಂದರೆ ನೈಟ್ ಡ್ಯೂಟಿಯ ಸಿಸ್ಟರ್‌ನೂ ಕರೆದು ತೋರಿಸಿದೆ. ಇನ್ನೊಂದು ವಿಷಯ, ಈ ತಿರುಗುವ ಲ್ಯಾಕ್ಟೇಟ್ ವಿಷಯದಲ್ಲಿ 1.5 ಟೆಸ್ಲಾನೇ ವಾಸಿ. 3 ಟೆಸ್ಲಾದಲ್ಲಿ ಕೆಮಿಕಲ್ ಶಿಫ್ಟ್‌ನಿಂದ (ಒಂದೊಂದು ರಾಸಾಯನಿಕದ ಫ್ರೀಕ್ವೆನ್ಸಿ ಬೇರೆ ಇರುವುದರಿಂದ) ವಾಕ್ಸೆಲ್ ಜಾಸ್ತಿ ಪಕ್ಕಕ್ಕೆ ಸರಿದು ಪ್ರೆಸ್‌ನಲ್ಲಿ ಆ ಪೀಕ್ ಸೊರಗುತ್ತದೆ. ದೊಡ್ಡ ಮೆಷೀನ್ ಇರುವವರು ಇದನ್ನು ಹೇಳುವುದಿಲ್ಲ.

ಅದೇ ಹುರುಪಿನಲ್ಲಿ ಎಎಸ್‌ಎಲ್ (ಇಂಜೆಕ್ಷನ್ ಇಲ್ಲದೆ ಮೆದುಳಿನ ರಕ್ತದ ಹರಿವು ಅಳೆಯುವ ಸ್ಕ್ಯಾನ್) ಕೂಡ ನೋಡಿದೆ. ನಾನೇ ಒಳಗೆ ಮಲಗಿ, ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿಯುವ ಮುಂಚೆ ಒಂದು ಸಲ, ಕುಡಿದು ಮುಕ್ಕಾಲು ಗಂಟೆ ಬಿಟ್ಟು ಇನ್ನೊಂದು ಸಲ. ಕೆಫೀನ್ ಮೆದುಳಿನ ರಕ್ತದ ಹರಿವನ್ನು ತಗ್ಗಿಸುತ್ತದೆ ಎನ್ನುವುದು ಗೊತ್ತಿರುವ ವಿಷಯವೇ, ಮ್ಯಾಪ್‌ನಲ್ಲಿ ಕಣ್ಣಿಗೇ ಕಂಡಿತು. ಈಗ ಎಎಸ್‌ಎಲ್ ಇದ್ದರೆ ಬೆಳಗ್ಗೆ ಕಾಫಿ ಕುಡಿಯದೆ ಬನ್ನಿ ಎನ್ನುತ್ತೇನೆ. ಕಾಫಿ ಸೀಮೆಯವರಿಗೆ ಇದನ್ನು ಹೇಳಿ ಒಪ್ಪಿಸುವುದೇ ಒಂದು ಕೆಲಸ.

ಎಲ್ಲರ ಬಾಯಿ ಮುಚ್ಚಿಸಿದ್ದು ಒಂದು ಕೇಸ್. ಸಕಲೇಶಪುರ ಕಡೆಯ ತೋಟದ ಕೆಲಸದವರು. ಫಿಟ್ಸ್ ಬಂದಿತ್ತು. ಬೇರೆ ಕಡೆಯ ರಿಪೋರ್ಟ್‌ನಲ್ಲಿ ಹೈ ಗ್ರೇಡ್ ಗ್ಲಿಯೋಮಾ (ಬೇಗ ಬೆಳೆಯುವ ಮೆದುಳಿನ ಕ್ಯಾನ್ಸರ್) ಅಂತ ಇತ್ತು. ಆಪರೇಷನ್‌ಗೆ ಒಡವೆ ಅಡ ಇಡಲು ಮನೆಯವರು ಓಡಾಡುತ್ತಿದ್ದರು. ಟಿ2ನಲ್ಲಿ ಗಂಟಿನ ನಡುಭಾಗ ಕಪ್ಪಾಗಿತ್ತು. ಎಂಆರ್‌ಎಸ್ ಹಾಕಿದರೆ ಟಿಇ 30ರಲ್ಲಿ 1.3ರ ಹತ್ತಿರ ಎತ್ತರದ ಪೀಕ್, 144ರಲ್ಲೂ ಅದು ಕೆಳಗೆ ತಿರುಗಲಿಲ್ಲ. ಅಂದರೆ ಲ್ಯಾಕ್ಟೇಟ್ ಅಲ್ಲ, ಲಿಪಿಡ್ (ಕೊಬ್ಬು). ಟಿಬಿ ಗಂಟಿನಲ್ಲಿ ಕಾಣುವ ಪೀಕ್ ಇದು. ಇಷ್ಟಕ್ಕೇ ಟಿಬಿ ಅನ್ನುವ ಹಾಗಿಲ್ಲ, ಒಳಗೆ ಕೊಳೆತ ಗ್ಲಿಯೋಬ್ಲಾಸ್ಟೋಮಾದಲ್ಲೂ (ಹೈ ಗ್ರೇಡ್ ಗ್ಲಿಯೋಮಾದ ಒಂದು ಬಗೆ) ಲಿಪಿಡ್ ಬರುತ್ತದೆ. ಹಾಗಾಗಿ ವಾಕ್ಸೆಲ್ಲನ್ನು ಗಂಟಿನ ಗೋಡೆಗೆ ತಂದು ಮತ್ತೆ ಹಾಕಿದೆ. ಗ್ಲಿಯೋಮಾ ಆದರೆ ಸಾಮಾನ್ಯವಾಗಿ ಅಲ್ಲಿ ಕೋಲೀನ್ ಏರಿರುತ್ತದೆ, ಇಲ್ಲಿ ಏಳಲಿಲ್ಲ. ಟಿಬಿ ಗಂಟಿನ ಗೋಡೆಯಲ್ಲೂ ಒಮ್ಮೊಮ್ಮೆ ಕೋಲೀನ್ ಏರಿರುತ್ತದೆ, ಇವರಲ್ಲಿ ಅದೂ ಇರಲಿಲ್ಲ. ಬೆಂಗಳೂರಿನ ರೇಡಿಯಾಲಜಿಸ್ಟ್‌ಗೆ ಫೋನ್ ಮಾಡಿ "ಸರ್, ಒಂದ್ಸಲ ಗ್ರಾಫ್ ನೋಡಿ ಆಮೇಲೆ ಬೈಯಿರಿ" ಅಂದೆ. ನೋಡಿದರು. ರಿಪೋರ್ಟ್‌ನಲ್ಲಿ ಟ್ಯೂಬರ್ಕ್ಯುಲೋಮಾ (ಟಿಬಿ ಗಂಟು) ಮೊದಲು ಬಂತು, ನ್ಯೂರಾಲಜಿಸ್ಟ್ ಬೇರೆ ಟೆಸ್ಟ್‌ಗಳನ್ನೂ ನೋಡಿ ಟಿಬಿ ಔಷಧಿ ಶುರು ಮಾಡಿದರು. ಕೆಲವು ತಿಂಗಳ ನಂತರದ ಸ್ಕ್ಯಾನ್‌ನಲ್ಲಿ ಗಂಟು ಅರ್ಧಕ್ಕಿಂತ ಕಡಿಮೆ. ಒಡವೆ ಮನೆಯಲ್ಲೇ ಉಳಿಯಿತು.

ದುಡ್ಡಿನ ಮಾತು. ಎರಡು ಟಿಇ, ಶಿಮ್ ಎಲ್ಲ ಸೇರಿ ಒಬ್ಬರಿಗೆ ಹದಿನೈದು ಇಪ್ಪತ್ತು ನಿಮಿಷ ಜಾಸ್ತಿ. ಸೆಂಟರ್ ಯಜಮಾನರಿಗೆ ಅದು ಅರ್ಧ ಕೇಸ್ ನಷ್ಟ. ಸಾವಿರದೈನೂರರ ಆಸುಪಾಸು ಹೆಚ್ಚುವರಿ ತಗೊಳ್ಳೋಣ ಎಂದು ಒಪ್ಪಿಸಿದೆ. ಬೆಂಗಳೂರಿಗೆ ಕಾರು ಮಾಡಿಕೊಂಡು ಹೋಗಿಬರುವ ಬಾಡಿಗೆಯಲ್ಲಿ ಅರ್ಧವೂ ಅಲ್ಲ. ಪರ್ಫ್ಯೂಷನ್ (ಕಾಂಟ್ರಾಸ್ಟ್ ಔಷಧಿ ಬಿಟ್ಟು ರಕ್ತದ ಹರಿವು ನೋಡುವುದು) ಇನ್ನೂ ಬಾಕಿ ಇದೆ, ಇಂಜೆಕ್ಟರ್‌ಗೆ ಹತ್ತು ಲಕ್ಷದ ಮೇಲೆ ಕೇಳುತ್ತಾರೆ. ಕೈಯಲ್ಲಿ ಒತ್ತಿದರೆ ಸೆಕೆಂಡಿಗೆ 4 ಎಂಎಲ್ ಒಂದೇ ಸಮ ಹೋಗುವುದಿಲ್ಲ. 18 ಗೇಜ್ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಕೊಳವೆ), ತ್ರೀ ವೇ (ಮೂರು ದಾರಿಯ ನಲ್ಲಿ) ಇಟ್ಟುಕೊಂಡು ಇಬ್ಬರು ನಿಂತು ಮಾಡುವ ಒಂದು ವಿಧಾನ ಸದ್ಯಕ್ಕೆ ನಡೆಸಿದ್ದೇನೆ. ಕರ್ವ್ ನಾಲ್ಕು ಜನಕ್ಕೆ ತೋರಿಸುವ ಹಾಗೆ ಬಂದ ಮೇಲೆ ಅದನ್ನೂ ಬರೆಯುತ್ತೇನೆ.