ಸಾಲ ಸೆಟಲ್‌ಮೆಂಟ್ ತಕರಾರು: ಎಲ್ಲಿ ಎಡವುತ್ತೇವೆ

"ಇಷ್ಟು ಕಟ್ರಿ, ಸಾಲ ಚುಕ್ತಾ" ಎಂದು ಬಾಕಿಗಿಂತ ಕಡಿಮೆ ಮೊತ್ತಕ್ಕೆ ಸೆಟಲ್‌ಮೆಂಟ್ ಒಪ್ಪಿ ಬ್ಯಾಂಕ್ ಮ್ಯಾನೇಜರ್ ಬಾಯಲ್ಲಿ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಮಂಜೂರಾತಿ ಪತ್ರ ಕೈಗೆ ಬಂದ ಮೇಲೆಯೇ ಹಣ ಕಟ್ಟಿ. ಅದರಲ್ಲಿ ಖಾತೆ ನಂಬರು, ಒಟ್ಟು ಮೊತ್ತ, ಕಡೆಯ ದಿನ, ಜಾಮೀನುದಾರರ ಬಿಡುಗಡೆ, ಕೇಸು ವಾಪಸಾತಿ ಇರಲೇಬೇಕು. ಎಡವುವುದು ಕಡೆಯ ದಿನದಲ್ಲಿ. ಕಬ್ಬಿನ ಬಿಲ್ಲು ನಂಬಿ ತಾರೀಖು ಒಪ್ಪಿಕೊಂಡಿರುತ್ತೀರಿ, ಬಿಲ್ಲು ತಡವಾಗುತ್ತದೆ, ಒಪ್ಪಂದವೇ ಬಿದ್ದುಹೋಗುತ್ತದೆ. ಗಡುವು ಮುಗಿಯುವ ಮೊದಲೇ ಬರವಣಿಗೆಯಲ್ಲಿ ಸಮಯ ಕೇಳಿ, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಸೆಟಲ್‌ಮೆಂಟ್ ರಿಯಾಯಿತಿಯನ್ನು ಹಕ್ಕೆಂದು ಕೇಳಲಾಗದು ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಹಾಗಾಗಿ ಬರೀ ರಿಯಾಯಿತಿ ಕೇಳಲೆಂದು ಬೆಳಗಾವಿ, ಬಾಗಲಕೋಟೆಯವರು ಹೈಕೋರ್ಟಿನ ಧಾರವಾಡ ಪೀಠಕ್ಕೆ, ವಿಜಯಪುರದವರು ಕಲಬುರಗಿ ಪೀಠಕ್ಕೆ ಓಡಿದರೆ ವಕೀಲರ ಫೀಯಷ್ಟೇ ಖರ್ಚಾದೀತು.

ಸರ್ಫೇಸಿ ಎಂದರೆ ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿಯನ್ನು ಬ್ಯಾಂಕು ವಶಕ್ಕೆ ಪಡೆಯಲು ಬಿಡುವ ಕಾಯ್ದೆ. ಅದರ ನೋಟಿಸು ಬಂದರೆ ಬಾಕಿ ಕಟ್ಟಲು 60 ದಿನ ಇರುತ್ತದೆ. ಅಷ್ಟರೊಳಗೆ ಆಕ್ಷೇಪಣೆ ಕೊಡಿ. ಬ್ಯಾಂಕು 15 ದಿನದಲ್ಲಿ ಉತ್ತರಿಸಬೇಕು. ಸ್ವಾಧೀನಕ್ಕೆ ಕೈ ಹಾಕಿದರೆ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಿ. ಕೃಷಿ ಜಮೀನಿಗೆ ಈ ಕಾಯ್ದೆ ತಾಗದು. ಬೆಳೆ ಕಾಲಂ ಇರುವ ಉತಾರ (ಪಹಣಿ) ಲಗತ್ತಿಸಿ.

ಲೋಕ ಅದಾಲತ್‌ನಲ್ಲಿ ರಾಜಿಗೆ ಸಹಿ ಹಾಕಿದರೆ ಅಪೀಲಿಲ್ಲ, ಓದಿಯೇ ಹಾಕಿ. ಮನೆ ಸಾಲದಂಥ ವೈಯಕ್ತಿಕ ಸಾಲವಾದರೆ, ಹಣ ಪೂರ್ತಿ ಕಟ್ಟಿದ 30 ದಿನದೊಳಗೆ ಆಸ್ತಿಯ ಮೂಲ ಕಾಗದ ಮರಳಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೇಳಬಹುದು.